ಟಿಚ್ ಬಟನ್ ಮೇಡಂ

ಅಂಗೈಯಲ್ಲಿ ಎದ್ದ ಬೊಬ್ಬೆ ತೋರಿಸಿ ಇಡೀ ಕಾಲೇಜನ್ನು ಖಾಲಿ ಮಾಡಿಸಿದ ಬಿ.ಎಸ್ಸಿ. ವಿದ್ಯಾರ್ಥಿ ಕೋಲಾರ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಬೊಬ್ಬೆ ಬಂದದ್ದು ಹಗ್ಗ ಎಳೆದದ್ದರಿಂದ. ಹಗ್ಗ ಎಳೆದು ಎರಡು ದಿನವೂ ಆಗಿರಲಿಲ್ಲ. ಎಳೆದವನು ಸಾಕ್ಷಾತ್ ನಾನೇ. ಈ ಸಂಗತಿಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡುವ ಬದಲು ನಾನು ಬೆಂಚಿನ ಮೇಲೆ ಹತ್ತಿ ನಿಂತು, "ಲೇಯ್, ಮೇಡಂ ಕಾಯಿಲೆ ನಂಗೂ ಅಂಟ್ಕೊಂಬಿಡ್ತು ಕಣ್ರೋ!" ಎಂದು ಕೂಗಿದೆ. ನಾನು ಓದುತ್ತಿದ್ದದ್ದು ಪ್ರಾಣಿಶಾಸ್ತ್ರ. ಆ ಶಾಸ್ತ್ರಕ್ಕೆ ನಾನು ವಿದ್ಯಾರ್ಥಿಯಾಗುವುದಕ್ಕಿಂತ ಪಠ್ಯವಸ್ತುವಾಗಿದ್ದರೆ ಹೆಚ್ಚು ಉಪಯೋಗವಾಗುತ್ತಿತ್ತು.

ಆ ಮೇಡಂ ಮೊನ್ನೆ ನಿವೃತ್ತರಾದರು. ಬೀಳ್ಕೊಡುಗೆಗೆ ಹೋಗಿ, ಹಾರ ಹಾಕಿ, ಜಾಮೂನು ತಿಂದು ಬಂದ ಮೇಲೆ ಸುಮ್ಮನಿರಲಾರದೆ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಹಾಕಿದರೆ ಮನೆಗೇ ಬಂದು ಒತ್ತಕ್ಷರ ತಿದ್ದುತ್ತಾರೆ.

ತೊಂಬತ್ತರ ದಶಕದ ಕೊನೆಯ ಮಾತು. ಮೇಡಂ ದಿನಾ ಮುಳಬಾಗಿಲಿನಿಂದ ಬಸ್ಸಿನಲ್ಲಿ ಕೋಲಾರಕ್ಕೆ ಬರುತ್ತಿದ್ದರು. ಒಂದು ಕೈಯಲ್ಲಿ ಗಂಡಸರ ಕರೀ ಕೊಡೆ, ಇನ್ನೊಂದರಲ್ಲಿ ಮಜ್ಜಿಗೆಯ ಫ್ಲಾಸ್ಕು. ಅವರದು ತಲೆತಲಾಂತರದಿಂದ ಊರಿನ ಲೆಕ್ಕ ಬರೆದ ಮನೆತನ. "ನಮ್ ಮನೇಲಿ ಲೆಕ್ಕ ತಪ್ಪೋಳು ನಾನೊಬ್ಳೇ. ಅದಕ್ಕೇ ಜಿರಳೆ ಕೊಯ್ಯೋಕೆ ಕಳಿಸಿದ್ರು" ಎನ್ನುತ್ತಿದ್ದರು. ಕೆಲಸ ಆಗಿನ್ನೂ ಖಾಯಂ ಆಗಿರಲಿಲ್ಲ. ಕ್ಲಾಸು ತೆಗೆದುಕೊಂಡರೆ ಸಂಬಳ, ಇಲ್ಲದಿದ್ದರೆ ಇಲ್ಲ.

ಅವರಿಗೊಂದು ವಿಚಿತ್ರ ಕಾಯಿಲೆ ಇತ್ತು. ಬಾಯೊಳಗೆ, ತುಟಿಯ ಮೇಲೆ, ಒಮ್ಮೊಮ್ಮೆ ತೋಳಿನ ಮೇಲೆ ಬೊಬ್ಬೆ ಎದ್ದು, ಒಡೆದು, ಹುಣ್ಣಾಗುತ್ತಿತ್ತು. ಪೆಂಫಿಗಸ್ ಎಂದು ಅದರ ಹೆಸರು. ಬೆಂಗಳೂರಿನ ಡಾಕ್ಟರ ಮಾತ್ರೆಯಿಂದ ಮುಖ ದುಂಡಗೆ ಊದಿಕೊಂಡಿತ್ತು. "ಮದ್ವೆ ಟೈಮಲ್ಲಿ ಒಬ್ಬರೂ ಚಂದ್ರಮುಖಿ ಅನ್ಲಿಲ್ಲ. ಈಗ ಡಾಕ್ಟ್ರೇ ಮೂನ್ ಫೇಸ್ ಅಂತಿದಾರೆ" ಎಂದು ಹೇಳಿ, ನಾವು ನಗುವಾಗ ತಾವು ಮಾತ್ರ ಸೆರಗಿನಿಂದ ಬಾಯಿ ಒತ್ತಿ ಹಿಡಿಯುತ್ತಿದ್ದರು. ನಕ್ಕರೆ ತುಟಿ ಸೀಳುತ್ತಿತ್ತು. ಕ್ಲಾಸಿನ ಕೋಡಂಗಿಯಾದ ನನಗೆ ಅವರು ಕೊಟ್ಟಿದ್ದ ಆಜ್ಞೆ ಒಂದೇ. "ನೀನು ಏನಾದ್ರೂ ಮಾಡ್ಕೊ. ನನ್ನ ಮಾತ್ರ ನಗಿಸ್ಬೇಡ್ವೋ, ನಿನ್ ದಮ್ಮಯ್ಯ."

ಬಸ್ಸಿನಲ್ಲಿ ಅವರ ಪಕ್ಕ ಯಾರೂ ಕೂರುತ್ತಿರಲಿಲ್ಲ. ಶ್ರೀನಿವಾಸಪುರದ ಕಡೆಯ ಒಬ್ಬಾಕೆ ಒಮ್ಮೆ ಕೂತು, ತುಟಿ ನೋಡಿ, "ಅಯ್ಯೋ ದೇವುಡಾ" ಎಂದು ಎದ್ದು ಮುಳಬಾಗಿಲಿನವರೆಗೆ ನಿಂತೇ ಹೋದಳಂತೆ. ಅಂದಿನಿಂದ ಮೇಡಂ ಪಕ್ಕದ ಸೀಟಿನಲ್ಲಿ ಕೊಡೆ ಮಲಗಿಸುತ್ತಿದ್ದರು. "ಸೀಟ್ ಖಾಲಿ ಇದ್ರೆ ನೋಡೋಕೆ ಚೆನ್ನಾಗಿರಲ್ಲ. ಕೊಡೆ ಇದ್ರೆ, ಕೊಡೆಯಿಂದ ಯಾರೂ ಕೂತಿಲ್ಲ ಅನ್ಕೋಬೋದು."

ಅವರಿಗೆ ಟಿಚ್ ಬಟನ್ ಮೇಡಂ ಎಂಬ ಹೆಸರು ಬಂದದ್ದು ಹೀಗೆ. ಒಂದು ದಿನ ತಂಗಿಯ ಮಗುವಿನ ಕೆಂಪು ಜಾಕೀಟನ್ನು ಕ್ಲಾಸಿಗೆ ತಂದು, ಅದನ್ನು ನನಗೆ ತೊಡಿಸಿದರು. ನನ್ನ ಒಂದು ತೋಳೇ ಅದರೊಳಗೆ ಹೋಗಲಿಲ್ಲ. ಎದೆಯ ಮೇಲೆ ಹೇಗೋ ಎಳೆದು ಟಿಚ್ ಬಟನ್ ಒತ್ತಿದರು. "ನಮ್ ಚರ್ಮದಲ್ಲಿ ಒಂದು ಜೀವಕೋಶ ಪಕ್ಕದ ಜೀವಕೋಶನ ಹಿಂಗೇ ಹಿಡ್ಕೊಂಡಿರುತ್ತೆ. ಆ ಬಟನ್ನಲ್ಲಿರೋ ಒಂದು ಪ್ರೋಟೀನು ಡೆಸ್ಮೊಗ್ಲೀನ್. ಅದನ್ನ ಮಾಡೋ ಜೀನ್ ಹದಿನೆಂಟನೇ ವರ್ಣತಂತುವಿನಲ್ಲಿದೆ. ಸುಣ್ಣ ಇಲ್ದೆ ಎಲೆಅಡಿಕೆ ಕೆಂಪಾಗಲ್ಲ ಅಲ್ವಾ, ಹಂಗೇ ಕ್ಯಾಲ್ಸಿಯಂ ಇಲ್ದೆ ಇದು ಹಿಡಿಯಲ್ಲ" ಎಂದರು. ಆಮೇಲೆ ಇಬ್ಬರನ್ನು ಕರೆದು ನನ್ನನ್ನು ಎರಡೂ ಕಡೆಯಿಂದ ಎಳೆಸಿದರು. ಟಿಚ್, ಟಿಚ್, ಟಿಚ್. "ಇದೇ ಬೊಬ್ಬೆ. ಬಟನ್ ಬಿಚ್ಚಿದ ಜಾಗಕ್ಕೆ ನೀರು ತುಂಬ್ಕೊಳ್ಳುತ್ತೆ."

"ಹಂಗಾದ್ರೆ ನಿಮ್ ಜೀನ್ ಕೆಟ್ಟಿದ್ಯಾ ಮೇಡಂ?" ಎಂದು ಕೇಳಿದ್ದು ನನ್ನ ಗೆಳೆಯ ಬಾಷಾ. ಮುಳಬಾಗಿಲಿನವನೇ, ಅವರದೇ ಬಸ್ಸಿನಲ್ಲಿ ಕೊನೆಯ ಸೀಟಿನಲ್ಲಿ ಕೂತು ಬರುವವನು.

"ಇಲ್ಲ ಕಣಪ್ಪ. ಜೀನ್ ಚೆನ್ನಾಗಿದೆ, ಬಟನ್ನೂ ಚೆನ್ನಾಗಿದೆ. ಕಳ್ಳರು ಬರದಿರ್ಲಿ ಅಂತ ಮೈಯಲ್ಲಿ ಕಾವಲಿನೋರು ಇರ್ತಾರಲ್ಲ, ಅವರೇ ಬಂದು ನನ್ ಬಟನ್ ಕೀಳ್ತಿದಾರೆ. ಮನೆಯೋರನ್ನೇ ಕಳ್ಳರು ಅನ್ಕೊಂಡಿದಾರೆ. ಇದು ಅಂಟೋ ಕಾಯಿಲೆ ಅಲ್ಲ. ನನ್ ಕಾವಲಿನೋರು ನಿನ್ ಮನೆಗೆ ಯಾಕ್ ಬರ್ತಾರೆ?"

ಇದನ್ನು ನಾನು ನೋಟ್ಸಿನಲ್ಲಿ ಬರೆದುಕೊಂಡೆ. ಪರೀಕ್ಷೆಯಲ್ಲೂ ಬರೆದೆ. ಬುದ್ಧಿಗೆ ಮಾತ್ರ ಇಳಿಸಿಕೊಳ್ಳಲಿಲ್ಲ.

ಆ ಪ್ರೋಟೀನಿನ ಬಗ್ಗೆ ಅವರು ಮನೆಯ ಹುಡುಗನ ಬಗ್ಗೆ ಹೇಳುವಂತೆ ಹೇಳುತ್ತಿದ್ದರು. ಹೇಗಿದ್ದೀರಿ ಎಂದರೆ, "ನಾನೇನೋ ಚೆನ್ನಾಗಿದೀನಿ, ಡೆಸ್ಮೊಗ್ಲೀನಿಗೇ ಪಾಪ ಒದೆ ಬೀಳ್ತಿದೆ" ಎನ್ನುವರು. ಹೊಸದಾಗಿ ಬಂದಿದ್ದ ಕನ್ನಡ ಮೇಷ್ಟ್ರು ಒಂದು ತಿಂಗಳು ಇದನ್ನು ಕೇಳಿಸಿಕೊಂಡು, ಕೊನೆಗೆ ಮರುಗಿ, "ಯಾಕ್ ಹೊಡೀತಾರೆ ಮೇಡಂ? ಹಾಸ್ಟೆಲ್ ಬಿಡಿಸಿ ಮನೇಗ್ ಕರ್ಕೊಂಡ್ ಬನ್ನಿ" ಎಂದರಂತೆ.

ಇನ್ನು ಹಗ್ಗದ ಕಥೆ. ಶನಿವಾರ ಕ್ರೀಡಾ ದಿನ. ಬಿಸಿಲು ಆಗದ ಕಾರಣ ಮೇಡಂ ಮೈದಾನಕ್ಕೆ ಬರುವುದಿಲ್ಲ ಎಂದಿದ್ದರು. ಹಗ್ಗಜಗ್ಗಾಟದಲ್ಲಿ ಸೈನ್ಸಿಗೂ ಕಾಮರ್ಸಿಗೂ ಫೈನಲ್. ಕಾಮರ್ಸಿನ ನಾಯಕ ಕ್ಯಾಲನೂರಿನ ಮುನಿರಾಜು. ದಿನಾ ಬೆಳಿಗ್ಗೆ ಡೈರಿಗೆ ಹಾಲಿನ ಕ್ಯಾನು ಹೊತ್ತು ಆಮೇಲೆ ಕಾಲೇಜಿಗೆ ಬರುವ ತೋಳು ಅವನದು. ನಮ್ಮವು ಜಿರಳೆ ಕೊಯ್ಯುವ ತೋಳುಗಳು. ಅವರು ಎಂಟು ಜನವೂ ಕೈಗೆ ಟವೆಲ್ ಸುತ್ತಿಕೊಂಡು ಬಂದರು. ನಾವು ಅದನ್ನು ನೋಡಿ, "ಏನ್ಲಾ, ಸ್ನಾನಕ್ಕೋಗ್ತಿದೀರಾ?" ಎಂದು ಗೇಲಿ ಮಾಡಿದೆವು. ಸೀಟಿ ಊದಿದರು. ಹಗ್ಗ ನಮ್ಮ ಅಂಗೈಗಳ ಮೂಲಕ ಹೋದದ್ದು ನನಗೆ ಗೊತ್ತಾಯಿತು, ನಿಂತದ್ದು ಗೊತ್ತಾಗಲಿಲ್ಲ. ಕೊನೆಯಲ್ಲಿ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ನಿಂತಿದ್ದ ಬಾಷಾ, ನಾವೆಲ್ಲ ಬಿದ್ದ ಮೇಲೂ ನಮ್ಮ ಮೇಲಿನಿಂದ ಜಾರಿಕೊಂಡು ಹೋಗಿ ಮುನಿರಾಜುವಿನ ತೋಳಿಗೆ ಬಿದ್ದ. ಕಾಮರ್ಸಿನವರು ಗೆದ್ದ ಖುಷಿಯಲ್ಲಿ ತೆಗೆಸಿಕೊಂಡ ಫೋಟೋದಲ್ಲಿ ಅವನೂ ಇದ್ದಾನೆ.

ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಎಂಟೂ ಜನ ಆಣೆ ಮಾಡಿದೆವು. "ಇನ್ಮೇಲೆ ಹಗ್ಗ ಅನ್ನೋ ಮಾತು ಯಾವನ್ ಬಾಯಲ್ಲಾದ್ರೂ ಬಂದ್ರೆ, ಅವ್ನು ಕಾಮರ್ಸಿಗೆ ಸೇರ್ದೋನು" ಎಂದ ಬಾಷಾ. ನಾನು ಜೀವನದಲ್ಲಿ ನಿಷ್ಠೆಯಿಂದ ಪಾಲಿಸಿದ ಆಣೆ ಅದೊಂದೇ. ಎಷ್ಟು ನಿಷ್ಠೆಯೆಂದರೆ, ಭಾನುವಾರ ಲಕ್ಕೂರಿನ ನಮ್ಮ ಮನೆಯಲ್ಲಿ ಎದ್ದು ಅಂಗೈ ನೋಡಿಕೊಂಡಾಗ ಹಗ್ಗ ನನ್ನ ನೆನಪಿಗೇ ಬರಲಿಲ್ಲ. ನೆನಪಾದದ್ದು ಶುಕ್ರವಾರ ಬೋರ್ಡಿನ ಮೇಲೆ ಚಿತ್ರ ಬರೆಯಲು ಮೇಡಂ ಕೈಯಿಂದ ಇಸಿದುಕೊಂಡಿದ್ದ ಚಾಕ್‌ಪೀಸು.

ಅಜ್ಜಿ ನನ್ನ ಕೈ ನೋಡಿ ಸರ್ಪಸುತ್ತು ಎಂದಳು. ಕುಂಬಾರರ ತಾತನ ಹತ್ತಿರ ಎಳೆದುಕೊಂಡು ಹೋದಳು. ತಾತ ಕೆಮ್ಮಣ್ಣಿನಲ್ಲಿ ನನ್ನ ಅಂಗೈ ಮೇಲೆ ಸಿಂಹ ಬರೆದ. ಸಿಂಹ ನೋಡಿದರೆ ಸರ್ಪ ಓಡುತ್ತದಂತೆ. ಆ ಸಿಂಹ ನೋಡಿದರೆ ಇಲಿಯೂ ಓಡುತ್ತಿರಲಿಲ್ಲ.

ಸೋಮವಾರ ಮೇಡಂ ಕ್ಲಾಸಿಗೆ ಬಂದಾಗ ಅವರ ಕೆಳತುಟಿ ಆಳವಾಗಿ ಸೀಳಿತ್ತು. "ಏನಾಯ್ತು ಮೇಡಂ?" ಎಂದೆ.

"ಶನಿವಾರ ಯಾರೋ ಪುಣ್ಯಾತ್ಮರು ನಗಿಸ್ಬಿಟ್ರು ಕಣೋ."

ನನಗೆ ಹೊಟ್ಟೆ ಉರಿಯಿತು. ವರ್ಷವಿಡೀ ಅವರ ಮಾತಿಗೆ ಬೆಲೆ ಕೊಟ್ಟು ಹಲ್ಲು ಕಚ್ಚಿಕೊಂಡು ಕೂತವನು ನಾನು, ನಗಿಸಿದವನು ಇನ್ನಾವನೋ! ಅಷ್ಟರಲ್ಲಿ ಅವರು ಚಾಕ್‌ಪೀಸು ಚಾಚಿ, "ಬಾ, ಅವತ್ತಿನ ಚಿತ್ರ ಪೂರ್ತಿ ಮಾಡು" ಎಂದರು. ನಾನು ಕೈ ಚಾಚಿದೆ. ಅಂಗೈಯಲ್ಲಿ ಸಿಂಹ, ಸಿಂಹದ ಬೆನ್ನ ಮೇಲೆ ನಾಲ್ಕು ಬೊಬ್ಬೆ. ಪಕ್ಕದಲ್ಲಿದ್ದ ಬಾಷಾ ಅದನ್ನು ನೋಡಿ ಮೆಲ್ಲಗೆ ತನ್ನ ಅಂಗೈ ತೋರಿಸಿದ. ಅಲ್ಲೂ ಬೊಬ್ಬೆ. ಹಿಂದಿನ ಬೆಂಚಿನ ರೆಡ್ಡೆಪ್ಪನೂ ತೋರಿಸಿದ.

ಆಗಲೇ ನಾನು ಬೆಂಚು ಹತ್ತಿದ್ದು.

ಮುಂದಿನದನ್ನು ನಾನು ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಎಂದು ನೀವು ಅಂದುಕೊಳ್ಳಬಹುದು. ಮಾಡುತ್ತಿದ್ದೇನೆ. ಕ್ಲಾಸು ಬಾಗಿಲಿನಿಂದಷ್ಟೇ ಅಲ್ಲ, ಕಿಟಕಿಯಿಂದಲೂ ಖಾಲಿಯಾಯಿತು. ಪಕ್ಕದ ಕ್ಲಾಸಿನವರು ಯಾಕೆ ಎಂದು ಕೇಳದೆಯೇ ಓಡಿದರು. ಸುದ್ದಿ ಮಧ್ಯಾಹ್ನಕ್ಕೆ ಟೊಮೇಟೊ ಮಂಡಿ ಮುಟ್ಟಿತು. ಲಾರಿಗಳ ಜೊತೆ ಸಂಜೆ ಶ್ರೀನಿವಾಸಪುರಕ್ಕೆ ಇಳಿಯುವಾಗ, ಸೈನ್ಸಿನ ಹುಡುಗರ ಕೈಗಳೇ ಉದುರಿವೆ ಎಂದಾಗಿತ್ತು. ಆದರೆ ಒಂದನ್ನು ಮಾತ್ರ ಇದ್ದಂತೆಯೇ ಹೇಳುತ್ತೇನೆ. ಓಡುವಾಗ ಬಾಗಿಲಲ್ಲಿ ತಿರುಗಿ ನೋಡಿದೆ. ಖಾಲಿ ಕ್ಲಾಸಿನಲ್ಲಿ ಮೇಡಂ ಚಾಕ್‌ಪೀಸು ಹಿಡಿದ ಕೈಯನ್ನು ಇನ್ನೂ ಚಾಚಿಕೊಂಡೇ ನಿಂತಿದ್ದರು.

ಮರುದಿನ ಪ್ರಿನ್ಸಿಪಾಲರು ನಮ್ಮ ಎಂಟು ಜನರನ್ನೂ ಮೇಡಂ ಅವರನ್ನೂ ಕರೆಸಿದರು. ಹುಡುಗರ ಸಂಘದ ಕಾರ್ಯದರ್ಶಿ ಎಂದು ಮುನಿರಾಜುವೂ ಬಂದು ನಿಂತಿದ್ದ. ಪ್ರಿನ್ಸಿಪಾಲರು ಚರಿತ್ರೆಯ ಮೇಷ್ಟ್ರು. ಯುದ್ಧಗಳನ್ನು ಬಿಟ್ಟರೆ ಉಳಿದೆಲ್ಲಕ್ಕೂ ಹೆದರುವರು.

"ನೋಡಿ ಮೇಡಂ, ಅಪ್ಪ ಅಮ್ಮಂದಿರು ಗೇಟ್ ಹತ್ರ ನಿಂತಿದಾರೆ. ನೀವು ಒಂದಷ್ಟು ದಿನ ಮನೇಲಿರಿ. ಎಲ್ಲಾ ತಣ್ಣಗಾಗ್ಲಿ."

ಖಾಯಂ ಅಲ್ಲದವರಿಗೆ 'ಒಂದಷ್ಟು ದಿನ' ಎಂದರೆ ಏನೆಂದು ಆ ಕೋಣೆಯ ಫ್ಯಾನಿಗೂ ಗೊತ್ತಿತ್ತು.

"ಆಗ್ಲಿ ಸಾರ್" ಎಂದರು ಮೇಡಂ. "ಹೋಗೋಕ್ ಮುಂಚೆ ಹುಡುಗರ ಕೈ ಒಂದ್ಸಲ ನೋಡ್ತೀನಿ. ನನ್ ಕಾಯಿಲೆ ಅಂದ್ಮೇಲೆ ನಾನೇ ನೋಡ್ಬೇಕಲ್ಲ."

ನಾವು ಮೇಜಿನ ಮೇಲೆ ಅಂಗೈಗಳನ್ನು ಸಾಲಾಗಿ ಇಟ್ಟೆವು. ಅವರು ನನ್ನದರ ಮೇಲೆ ಬಾಗಿದರು.

"ಇದೇನೋ, ಬೆಕ್ಕಾ?"

"ಸಿಂಹ ಮೇಡಂ."

"ಪಾಪ, ಊಟ ಹಾಕಿಲ್ಲ ಅನ್ಸುತ್ತೆ."

ಆಮೇಲೆ ಒಂದೊಂದೇ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ನೋಡಿದರು. ನಮ್ಮಲ್ಲಿ ಇಬ್ಬರು ಕಣ್ಣು ಮುಚ್ಚಿಕೊಂಡರು. "ಸಾರ್, ನನ್ ಕಾಯಿಲೆಗೆ ಶಿಸ್ತಿಲ್ಲ. ಬಾಯಿ, ಬೆನ್ನು, ಎಲ್ಲೆಂದ್ರಲ್ಲಿ ಏಳುತ್ತೆ. ಇಲ್ಲಿ ನೋಡಿ, ಎಂಟೂ ಜನಕ್ಕೂ ಬೆರಳಿನ ಬುಡದಲ್ಲೇ, ಪೆರೇಡಿಗೆ ನಿಂತಂಗೆ. ಏನನ್ನೋ ಬಿಗಿಯಾಗಿ ಹಿಡ್ಕೊಂಡಿದ್ರಿ ಕಣ್ರೋ. ಏನದು?"

ಆಗ, ಆಗಷ್ಟೇ, ನನ್ನ ತಲೆಯೊಳಗೆ ಹಗ್ಗ ಬಂದು ಬಿತ್ತು. ಪಕ್ಕದಲ್ಲಿ ಬಾಷಾನ ಮುಖ ನೋಡಿದೆ. ಅವನಿಗೆ ಮೊದಲೇ ಗೊತ್ತಿತ್ತು, ಕಳ್ಳ. ಎದುರಿಗೆ ಮುನಿರಾಜು. ಇಲ್ಲಿ ಬಾಯಿ ಬಿಟ್ಟರೆ ಡಿಗ್ರಿ ಮುಗಿಯುವವರೆಗೂ ಇವನ ಬಾಯಿಗೆ ಬಿದ್ದಂತೆ.

"ಬಸ್ಸಿನ ಕಂಬಿ ಮೇಡಂ" ಎಂದ ಬಾಷಾ.

"ಎಮ್ಮೆ ಬಾಲ" ಎಂದ ರೆಡ್ಡೆಪ್ಪ.

"ನಂದೂ ಎಮ್ಮೆ ಬಾಲ" ಎಂದ ಇನ್ನೊಬ್ಬ.

ಪ್ರಿನ್ಸಿಪಾಲರು ಕನ್ನಡಕ ತೆಗೆದರು. "ಬೇರೆ ಬೇರೆ ಊರಿನೋರು ಒಂದೇ ದಿನ ಎಮ್ಮೆ ಬಾಲ ಹಿಡ್ಕೊಂಡ್ರಾ? ಮೇಡಂ, ಇವರು ನಿಮ್ಮನ್ನ ಕಾಪಾಡೋಕೆ ಸುಳ್ಳು ಹೇಳ್ತಿದಾರೆ."

ಮೇಡಂ ನಮ್ಮ ಮುಖಗಳನ್ನು ಒಂದು ಸುತ್ತು ನೋಡಿದರು. "ಸರಿ ಹಾಗಾದ್ರೆ" ಎಂದು ಕೊಡೆ ಎತ್ತಿಕೊಂಡರು, ಫ್ಲಾಸ್ಕು ಎತ್ತಿಕೊಂಡರು. ಬಾಗಿಲ ತನಕ ಹೋದರು.

"ಹಗ್ಗ!" ಎಂದೆ.

ಬಾಷಾ ನನ್ನ ಕಾಲು ತುಳಿದ. "ಚುಪ್ ರೇ!"

"ಹಗ್ಗ ಮೇಡಂ. ಶನಿವಾರ ಹಗ್ಗ ಎಳೆದ್ವಿ. ಬರೀ ಕೈಯಲ್ಲಿ."

"ಜೋರಾಗ್ ಹೇಳಪ್ಪ" ಎಂದರು ಪ್ರಿನ್ಸಿಪಾಲರು. "ಯಾರ್ ಜೊತೆ? ಏನಾಯ್ತು?"

"ಕಾಮರ್ಸ್ ಜೊತೆ ಸಾರ್. ಸೋತ್ವಿ."

"ಕೇಳಿಸ್ಲಿಲ್ಲ."

"ಸೋ-ತ್-ವಿ ಸಾರ್!"

ಕಿಟಕಿಯ ಹೊರಗೆ ಕಾಮರ್ಸಿನವರು ಕಾದು ನಿಂತಿದ್ದರು ಎಂದು ಆಗ ಗೊತ್ತಾಯಿತು. ಅವರು ಹಾಕಿದ ಶಿಳ್ಳೆ ಮಾಲೂರಿಗೆ ಕೇಳಿಸಿರಬೇಕು.

ಪ್ರಿನ್ಸಿಪಾಲರು ಅಷ್ಟಕ್ಕೇ ಬಿಡುವವರಲ್ಲ. "ಹಗ್ಗದ್ದಾದ್ರೆ ಗೆದ್ದೋರಿಗೂ ಬರ್ಬೇಕಿತ್ತಲ್ಲ? ಮುನಿರಾಜು, ಕೈ ತೋರ್ಸು." ಅವನ ಅಂಗೈ ತೊಳೆದಿಟ್ಟ ತಟ್ಟೆಯಂತಿತ್ತು. "ಟವೆಲ್ ಸುತ್ಕೊಂಡಿದ್ವಿ ಸಾರ್" ಎಂದ.

"ಬಟನ್ನು ತಾನಾಗೇ ಬಿಚ್ಚೋದು ಬೇರೆ, ಎಳೆದಾಗ ಕಿತ್ತೋಗೋದು ಬೇರೆ ಸಾರ್" ಎಂದು ಮೇಡಂ ಬ್ಯಾಗಿನಿಂದ ಕೆಂಪು ಜಾಕೀಟು ತೆಗೆಯುತ್ತಿದ್ದಂತೆ ಪ್ರಿನ್ಸಿಪಾಲರು ಗಾಬರಿಯಿಂದ ಎದ್ದು, "ನಂಗೆ ತೊಡಿಸ್ಬೇಡಿ! ಹಗ್ಗ ತರಿಸಿ, ನಾನೇ ಎಳೆದು ನೋಡ್ತೀನಿ" ಎಂದರು.

ಹೀಗೆ ನಮ್ಮ ಕಾಲೇಜಿನ ಅಧ್ಯಾಪಕ ವರ್ಗ, ಬರಿಗೈಯಲ್ಲಿ, ಟವೆಲ್ ಸುತ್ತಿದ ಕಾಮರ್ಸಿನ ವಿರುದ್ಧ ಕಣಕ್ಕಿಳಿಯಿತು. ಪೋಷಕರು ಗೇಟು ಬಿಟ್ಟು ಒಳಗೆ ಬಂದು ಸುತ್ತ ನಿಂತರು. ಪ್ರಿನ್ಸಿಪಾಲರು ಮುಂದೆ, ಕನ್ನಡ ಮೇಷ್ಟ್ರು ಹಿಂದೆ, ಫಿಸಿಕ್ಸ್ ಮೇಷ್ಟ್ರು ಕೊನೆಯಲ್ಲಿ ನಿಂತು ಯಾವ ಕೋನದಲ್ಲಿ ಬಾಗಬೇಕೆಂದು ಹೇಳುತ್ತಿದ್ದರು. ಹೇಳಿ ಮುಗಿಸುವ ಮೊದಲೇ ಧ್ವಜಸ್ತಂಭದ ಹತ್ತಿರ ಹೋಗಿ ಬಿದ್ದಿದ್ದರು. ಮೇಡಂ ಕೊಡೆ ಹಿಡಿದು ನೆರಳಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

ಬುಧವಾರ ಬೆಳಿಗ್ಗೆ ಪ್ರಿನ್ಸಿಪಾಲರು ಬಲಗೈ ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಬಂದರು. ಮೇಡಂ ಎದುರಾಗಿ ಎರಡೂ ಕೈ ಜೋಡಿಸಿ, "ನಮಸ್ಕಾರ ಸಾರ್" ಎಂದರು. ನಮಸ್ಕಾರಕ್ಕೆ ನಮಸ್ಕಾರ ಮಾಡದಿರುವ ಸಂಸ್ಕಾರ ಅವರದಲ್ಲ. ಜೇಬಿನಿಂದ ಕೈ ಹೊರಬಂತು. ಅಂಗೈಗಳು ಸೇರಿದ ಕೂಡಲೇ, "ಸ್ಸ್" ಎಂದರು.

"ಸಾರ್, ನೀವೂ ಒಂದಷ್ಟು ದಿನ ಮನೇಲಿರ್ತೀರಾ?" ಎಂದರು ಮೇಡಂ, ತುಂಬ ಮರ್ಯಾದೆಯಿಂದ.

ಆ ದಿನ ಮೇಡಂ ಕ್ಲಾಸಿಗೆ ಬಂದವರೇ ಚಾಕ್‌ಪೀಸು ಚಾಚಿದರು. ನಾನು ಎದ್ದು ಹೋಗಿ, ಇಸಿದುಕೊಂಡು, ಶುಕ್ರವಾರ ಅರ್ಧಕ್ಕೆ ಬಿಟ್ಟಿದ್ದ ಚಿತ್ರ ಪೂರ್ತಿ ಮಾಡಿದೆ. "ಇದೂ ಬೆಕ್ಕಿನಂಗಿದೆ" ಎಂದರು. ಸಂಜೆ ಬಸ್ಸಿನಲ್ಲಿ ಬಾಷಾ ಕೊನೆಯ ಸೀಟಿಗೆ ಹೋಗದೆ, ಮೇಡಂ ಪಕ್ಕದಲ್ಲಿ ಮಲಗಿದ್ದ ಕೊಡೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತನಂತೆ. ಇಳಿಯುವಾಗ ಮೇಡಂ, "ನಾಳೆನೂ ಕೊಡೆ ತರ್ಲಾ, ಬೇಡ್ವಾ?" ಎಂದು ಕೇಳಿದರಂತೆ.

ಆಮೇಲೆ ಕೆಲಸ ಖಾಯಂ ಆಯಿತು. ಕಾಯಿಲೆಯೂ ಮೆಲ್ಲಗೆ ಹತೋಟಿಗೆ ಬಂತು. ಬೀಳ್ಕೊಡುಗೆಯಲ್ಲಿ ಅವರು ಜಾಮೂನು ತಿನ್ನುವುದನ್ನು ನೋಡಿದೆ. ಸೆರಗು ಹೆಗಲ ಮೇಲೇ ಇತ್ತು.

ಮುನಿರಾಜು ಈಗ ಟೊಮೇಟೊ ಮಂಡಿಯಲ್ಲಿದ್ದಾನೆ. ಅವನೂ ಬಂದಿದ್ದ. ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತು, "ಸೋ-ತ್-ವಿ ಸಾರ್" ಎಂದು ಕಿವಿಯಲ್ಲಿ ಹೇಳಿದ. ಆಮೇಲೆ ಎಲೆಯ ಮುಂದೆ ಕೂತಾಗ ದನಿ ತಗ್ಗಿಸಿದ.

"ಲೇ, ಒಂದ್ ವಿಷ್ಯ ಇಷ್ಟ್ ವರ್ಷ ಹೊಟ್ಟೇಲಿಟ್ಕೊಂಡಿದೀನಿ. ಇವತ್ತು ರಿಟೈರ್ ಆದ್ರಲ್ಲ, ಇನ್ ಹೇಳ್ಬೋದು. ಅವತ್ತು ಮ್ಯಾಚ್ ನೋಡಿದ್ರು ಅವರು. ಲೈಬ್ರರಿ ಕಿಟಕಿಯಿಂದ."

"ಯಾರು?"

"ಮೇಡಂ ಕಣೋ. ನೀನು ಬೆಂಚ್ ಹತ್ತಿದ್ಯಲ್ಲ, ಅವತ್ತು ಮಧ್ಯಾಹ್ನ ನಾನೇ ಹೋಗಿ, 'ಮೇಡಂ, ಅದು ಹಗ್ಗದ್ ಬೊಬ್ಬೆ, ಸಾರ್‌ಗೆ ಹೇಳ್ತೀನಿ' ಅಂದೆ. 'ಗೊತ್ತು, ನೋಡಿದೀನಿ, ನೀನು ಹೇಳ್ಬೇಡ' ಅಂದ್ರು."

"ಯಾಕೋ? ಕೆಲ್ಸನೇ ಹೋಗ್ತಿತ್ತಲ್ಲೋ!"

"ಅದೇ ಕೇಳ್ದೆ. 'ಸೋತೋರು ಅವರು. ಅವರ ಸೋಲು ಅವರೇ ಹೇಳ್ಬೇಕು, ನಾವ್ ಹೇಳಿದ್ರೆ ಚಾಡಿ ಆಗುತ್ತೆ. ಹೇಳ್ತಾರೆ ಇರು' ಅಂದ್ರು. 'ಹೇಳ್ದಿದ್ರೆ?' ಅಂದೆ." ಮುನಿರಾಜು ಎಲೆಯ ಮೇಲಿನ ಜಾಮೂನನ್ನು ಒಂದು ಸುತ್ತು ತಿರುಗಿಸಿದ. "'ಹೇಳ್ದಿದ್ರೂ ನಂಗೇನ್ ನಷ್ಟ ಇಲ್ಲ ಕಣಪ್ಪ. ಬಾಯಿ ಹುಣ್ಣಾದಾಗಿಂದ ಹೊಟ್ಟೆ ತುಂಬಾ ನಕ್ಕಿದ್ದು ಆ ಶನಿವಾರ ಒಂದೇ ದಿನ. ಆ ಬಾಷಾ ಜಾರ್ಕೊಂಡ್ ಬಂದು ನಿನ್ ತೋಳಿಗೆ ಬಿದ್ನಲ್ಲ, ಅಲ್ಲಿಗೇ ನನ್ ತುಟಿ ಕಿತ್ಕೊಂಡೋಯ್ತು' ಅಂದ್ರು."